ಓರೆಯಾಗಿ ಈಜಿದ ಮೀನು

ಫಿನ್‌ಲೆಂಡ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ನೋಕಿಯಾ ಫೋನ್, ಇಲ್ಲಾಂದ್ರೆ ಲಿನಕ್ಸ್ ಬರೆದ ಲೀನಸ್ ಟೊರ್ವಾಲ್ಡ್ಸ್. ಆದರೆ ಇವೆರಡೂ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ದೇಶದ ಒಂದು ಪುಟ್ಟ ವಸ್ತು ಸಾಗರ ದಾಟಿ ಹೆಸರು ಮಾಡಿತ್ತು. ಅದು ಬೆರಳುದ್ದದ ಒಂದು ಮರದ ಮೀನು. ಬ್ಯಾಟರಿ ಇಲ್ಲ, ಮೋಟರ್ ಇಲ್ಲ. ದಾರ ಕಟ್ಟಿ ನೀರಲ್ಲಿ ಎಳೆದರೆ ಸಾಕು, ಏಟು ತಿಂದ ಮೀನಿನ ಹಾಗೆ ಅತ್ತಿತ್ತ ತೊನೆಯುತ್ತಾ ಬರುತ್ತದೆ. ಅದನ್ನು ಕಂಡರೆ ದೊಡ್ಡ ಬೇಟೆಮೀನುಗಳು ಸುಮ್ಮನೆ ಇರಲಾರವು.

ಈ ಮೀನನ್ನು ಕೆತ್ತಿದವರು ಲೌರಿ ರಪಲ. ಕಾಡಿನಲ್ಲಿ ಮರ ಕಡಿಯುತ್ತಿದ್ದ, ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಬಿಡುವಾದಾಗ ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಕುತ್ತಿದ್ದ ಒಬ್ಬ ಬಡವ. ಎಂಜಿನಿಯರಿಂಗ್ ಓದಿದವರಲ್ಲ. ಆದರೂ ನಮ್ಮ ಕ್ಲಬ್‌ನ ಪತ್ರಿಕೆಯಲ್ಲಿ ಈ ಸಲ ಅವರ ಕತೆಯನ್ನೇ ಹೇಳೋಣ ಅಂತ ನಾವು ತೀರ್ಮಾನಿಸಿದ್ದಕ್ಕೆ ಕಾರಣ ಇದೆ. ನಾವು ನಾಲ್ಕು ವರ್ಷ ಕಲಿಯುವ ಡಿಸೈನ್, ಪ್ರೊಟೊಟೈಪ್, ಟೆಸ್ಟಿಂಗ್ ಎಲ್ಲವನ್ನೂ ಈ ಮನುಷ್ಯ ಹೊಟ್ಟೆಪಾಡಿಗಾಗಿ ಮಾಡಿದ್ದರು. ಅವರ ಪಾಲಿಗೆ ಟೆಸ್ಟ್ ಫೇಲ್ ಆದರೆ ಇಂಟರ್ನಲ್ಸ್ ಮಾರ್ಕ್ಸ್ ಹೋಗುತ್ತಿರಲಿಲ್ಲ, ರಾತ್ರಿಯ ಊಟ ಹೋಗುತ್ತಿತ್ತು.

ಕೆಸರೂರಿನ ಹುಡುಗ

ಲೌರಿ ಹುಟ್ಟಿದ್ದು 1905ರ ನವೆಂಬರ್ 27ರಂದು, ದಕ್ಷಿಣ ಫಿನ್‌ಲೆಂಡಿನ ಸಿಸ್ಮಾ ಎಂಬ ಕಡೆ. ಆಗ ಫಿನ್‌ಲೆಂಡ್ ಸ್ವತಂತ್ರ ದೇಶವಾಗಿರಲಿಲ್ಲ, ರಷ್ಯಾದ ಝಾರ್ ಚಕ್ರವರ್ತಿಯ ಕೈಕೆಳಗಿತ್ತು. ಲೌರಿ ಚಿಕ್ಕವರಿದ್ದಾಗಲೇ ತಾಯಿ ಮಾರಿ ಮಗನನ್ನು ಕರೆದುಕೊಂಡು ಪಕ್ಕದ ಅಸಿಕ್ಕಲ ಎಂಬ ಕಡೆಗೆ ಬಂದರು. ಅಲ್ಲಿ ಅವರಿಗೆ ನೆಲೆ ಸಿಕ್ಕಿದ್ದು ರಪಲ ಎನ್ನುವ ಹಳ್ಳಿಯಲ್ಲಿ.

ಆ ಕಾಲದಲ್ಲಿ ಹೊಸದಾಗಿ ಬಂದವರ ಹೆಸರನ್ನು ಚರ್ಚಿನ ಪುಸ್ತಕದಲ್ಲಿ ಬರೆಸಬೇಕಿತ್ತು. ಪಾದ್ರಿಗೆ ತಾಯಿಯ ಮನೆತನದ ಹೆಸರು ಸಾರಿನೆನ್ ಅನ್ನೋದು ನೆನಪಿಗೆ ಬರಲಿಲ್ಲವಂತೆ, ಅದಕ್ಕೇ ಹಳ್ಳಿಯ ಹೆಸರನ್ನೇ ಬರೆದುಬಿಟ್ಟರಂತೆ. ಹೀಗೆ ಹುಡುಗ ಲೌರಿ ರಪಲ ಆದ. ಊರಿನ ಹೆಸರೇ ಮನುಷ್ಯನ ಹೆಸರಿಗೆ ಅಂಟಿಕೊಳ್ಳುವುದು ನಮಗೇನೂ ಹೊಸದಲ್ಲ, ನಮ್ಮ ಕ್ಲಾಸಿನ ಅಟೆಂಡೆನ್ಸ್ ಲಿಸ್ಟ್ ತೆಗೆದು ನೋಡಿದರೆ ಅರ್ಧ ಕರ್ನಾಟಕದ ಊರುಗಳು ಸಿಗುತ್ತವೆ. ಆದರೆ ಈ ಹೆಸರಿನ ಅರ್ಥ ಸ್ವಲ್ಪ ತಮಾಷೆಯಾಗಿದೆ. ಫಿನ್ನಿಶ್ ಭಾಷೆಯಲ್ಲಿ 'ರಪ' ಅಂದರೆ ಕೆಸರು, 'ಲ' ಅಂದರೆ ಇರುವ ಜಾಗ. ನಮ್ಮ ಲೆಕ್ಕದಲ್ಲಿ ಅದು ಕೆಸರೂರು. ಇವತ್ತು ಜಗತ್ತಿನಾದ್ಯಂತ ಗಾಳ ಹಾಕುವವರು ದುಡ್ಡು ಕೊಟ್ಟು ಕೊಳ್ಳುವ ಬ್ರ್ಯಾಂಡಿನ ಹೆಸರು ಒಂದು ಕೆಸರಿನ ಊರಿನದು, ಅದೂ ಪಾದ್ರಿಯೊಬ್ಬರ ಮರೆವಿನಿಂದ ಬಂದದ್ದು.

ಹನ್ನೆರಡನೇ ವಯಸ್ಸಿಗೆ ಲೌರಿ ದೇಶ ಸ್ವತಂತ್ರವಾಗುವುದನ್ನು ಕಂಡರು. ಮರುವರ್ಷವೇ, 1918ರಲ್ಲಿ, ಫಿನ್ನರು ಫಿನ್ನರನ್ನೇ ಕೊಂದ ಅಂತರ್ಯುದ್ಧ ನಡೆಯಿತು. ಇಂಥ ಕಾಲದಲ್ಲಿ ಬೆಳೆದ ಬಡ ಮನೆಯ ಹುಡುಗನಿಗೆ ಗೊತ್ತಿದ್ದ ದಾರಿ ಒಂದೇ, ಮೈ ಮುರಿದು ದುಡಿಯುವುದು. ಚಳಿಗಾಲದಲ್ಲಿ ಕಾಡಿಗೆ ಹೋಗಿ ಮರ ಕಡಿಯುವುದು, ಬೇಸಿಗೆಯಲ್ಲಿ ಹೊಲದ ಕೂಲಿ ಮತ್ತು ಮೀನು. 1928ರಲ್ಲಿ ಎಲ್ಮ ಎಂಬುವರನ್ನು ಮದುವೆಯಾದರು. ಮುಂದೆ ಕಲ್ಕಿನೆನ್ ಬಳಿಯ ರೀಹಿಲಹ್ತಿ ಎಂಬ ಜಾಗದಲ್ಲಿ ಸಂಸಾರ ಹೂಡಿದರು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಹುಟ್ಟಿದರು. 1930ರ ದಶಕದ ಆರ್ಥಿಕ ಕುಸಿತ ಫಿನ್‌ಲೆಂಡನ್ನೂ ಬಿಡಲಿಲ್ಲ. ಕೂಲಿ ಸಿಗುವುದು ಕಷ್ಟವಾದಾಗ ಕೈಹಿಡಿಯಬೇಕಾದದ್ದು ಮನೆಯ ಮುಂದಿನ ನೀರು.

ಸಾವಿರ ಕೊಕ್ಕೆಯ ದಾರ

ಆ ನೀರು ಅಂದರೆ ಪೈಯಾನೆ ಸರೋವರ. ಸುಮಾರು 120 ಕಿಲೋಮೀಟರ್ ಉದ್ದ, ಫಿನ್‌ಲೆಂಡಿನ ಎರಡನೇ ಅತಿ ದೊಡ್ಡ ಸರೋವರ, ಆಳದಲ್ಲಿ ಮೊದಲನೆಯದು, 95 ಮೀಟರ್. ಕಲ್ಕಿನೆನ್ ಬಳಿ ಇದೇ ಸರೋವರದ ನೀರು ಬಂಡೆಗಳ ಮಧ್ಯೆ ಧುಮುಕಿ ಕ್ಯುಮಿಯೊಕಿ ಎಂಬ ನದಿಯಾಗಿ ಹರಿದು, ಕೊನೆಗೆ ಫಿನ್‌ಲೆಂಡ್ ಕೊಲ್ಲಿಯನ್ನು ಸೇರುತ್ತದೆ. ಲೌರಿ ಇದ್ದದ್ದು ಸರೋವರ ಮುಗಿದು ನದಿ ಶುರುವಾಗುವ ಇಂಥ ಕಡೆ. ಒಂದು ಕಡೆ ನಿಂತ ನೀರು, ಇನ್ನೊಂದು ಕಡೆ ಹರಿವ ನೀರು. ಟ್ರೌಟ್, ಪರ್ಚ್, ಪೈಕ್ ಎಲ್ಲವೂ ಅಲ್ಲಿದ್ದವು.

ಮೀನು ಹಿಡಿಯುವುದಕ್ಕೆ ಅವರು ಬಳಸುತ್ತಿದ್ದ ವಿಧಾನಗಳಲ್ಲಿ ಮುಖ್ಯವಾದದ್ದು ಉದ್ದ ದಾರ. ಒಂದು ಉದ್ದನೆಯ ದಾರಕ್ಕೆ ಸಾಲಾಗಿ ಕೊಕ್ಕೆಗಳನ್ನು ಕಟ್ಟಿ, ಪ್ರತಿ ಕೊಕ್ಕೆಗೂ ಎರೆ ಚುಚ್ಚಿ, ನೀರಿಗೆ ಇಳಿಬಿಡುವುದು. ಕೊಕ್ಕೆಗಳ ಸಂಖ್ಯೆ ಸಾವಿರದವರೆಗೂ ಹೋಗುತ್ತಿತ್ತು ಅನ್ನುತ್ತಾರೆ. ಇದನ್ನು ಕೇಳಿದಾಗ ನಾವು ಮೊದಲು ಮಾಡಿದ್ದು ಲೆಕ್ಕ. ಒಂದು ಕೊಕ್ಕೆಗೆ ಎರೆ ಚುಚ್ಚಲು ಹದಿನೈದು ಸೆಕೆಂಡ್ ಅಂತಿಟ್ಟುಕೊಂಡರೂ ಸಾವಿರ ಕೊಕ್ಕೆಗೆ ನಾಲ್ಕು ಗಂಟೆಗಿಂತ ಜಾಸ್ತಿ ಬೇಕು. ಅದಕ್ಕೂ ಮೊದಲು ಎರೆಗೆ ಬೇಕಾದ ಸಾವಿರ ಪುಟ್ಟ ಮೀನನ್ನು ಹಿಡಿದಿರಬೇಕು. ತಣ್ಣನೆಯ ನೀರು, ಮರಗಟ್ಟಿದ ಬೆರಳು, ಮೊನಚು ಕೊಕ್ಕೆ. ಮೀನು ಎರೆ ಕಚ್ಚಿಕೊಂಡು ತಪ್ಪಿಸಿಕೊಂಡರೆ ಮತ್ತೆ ಮೊದಲಿನಿಂದ. ಇನ್ನೊಂದು ವಿಧಾನ ಅಂದರೆ ದೋಣಿಗೆ ಹುಟ್ಟು ಹಾಕುತ್ತಾ ಹಿಂದೆ ದಾರ ಎಳೆದುಕೊಂಡು ಹೋಗುವುದು. ಅದರಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ತೋಳಿನ ಬಲದಲ್ಲೇ ಸಾಗಬೇಕು.

ಇಲ್ಲಿ ಪ್ರಾಬ್ಲಂ ಸ್ಟೇಟ್‌ಮೆಂಟ್ ಸ್ಪಷ್ಟವಾಗಿತ್ತು. ಎರೆ ಒಂದೇ ಬಾರಿ ಉಪಯೋಗಕ್ಕೆ ಬರುವ ವಸ್ತು, ಅದನ್ನು ಹೊಂದಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಮತ್ತೆ ಮತ್ತೆ ಬಳಸಬಹುದಾದ, ಆದರೆ ಮೀನಿಗೆ ನಿಜವೆನಿಸುವ ಎರೆ ಬೇಕು.

ನಕಲಿ ಎರೆ ಅಂದರೆ ಲ್ಯೂರ್ ಅನ್ನೋದು ಲೌರಿ ಕಂಡುಹಿಡಿದ ಹೊಸ ಐಡಿಯಾ ಅಲ್ಲ ಅನ್ನೋದನ್ನು ಇಲ್ಲೇ ಹೇಳಿಬಿಡಬೇಕು. ಚಮಚದ ಆಕಾರದ ಲೋಹದ ಲ್ಯೂರ್‌ಗೆ ಅಮೆರಿಕದ ಜೂಲಿಯೊ ಬ್ಯೂಲ್ 1852ರಲ್ಲೇ ಪೇಟೆಂಟ್ ಪಡೆದಿದ್ದರು. ಮರದಲ್ಲಿ ಕೆತ್ತಿದ ಲ್ಯೂರ್‌ಗಳೂ ಇದ್ದವು. ಆದರೆ ಅವು ಹೊಳೆಯುತ್ತಿದ್ದವು, ತಿರುಗುತ್ತಿದ್ದವು, ನೋಡಲು ಮೀನಿನಂತೆ ಇರುತ್ತಿದ್ದವು. ಲೌರಿಗೆ ಬೇಕಾಗಿದ್ದದ್ದು ಬೇರೆ.

ಬೇಟೆಗಾರ ಯಾರನ್ನು ಆರಿಸುತ್ತಾನೆ

ಹುಟ್ಟು ಹಾಕುತ್ತಾ ನೀರನ್ನೇ ನೋಡುತ್ತಿದ್ದ ಲೌರಿ ಒಂದು ಸಂಗತಿ ಗಮನಿಸಿದರು. ಪುಟ್ಟ ಮೀನುಗಳು ದೊಡ್ಡ ಗುಂಪಾಗಿ ಹೋಗುತ್ತಿರುತ್ತವೆ. ದೊಡ್ಡ ಮೀನು ಆ ಗುಂಪಿನ ಮೇಲೆ ಕಣ್ಣುಮುಚ್ಚಿಕೊಂಡು ಎರಗುವುದಿಲ್ಲ. ನೂರಾರು ಮೀನುಗಳ ಮಧ್ಯೆ ಒಂದೇ ಒಂದು ಸರಿಯಾಗಿ ಈಜುತ್ತಿರುವುದಿಲ್ಲ, ಗಾಯವಾಗಿಯೋ ಕಾಯಿಲೆಯಿಂದಲೋ ಸ್ವಲ್ಪ ಓರೆಯಾಗಿ, ತೊನೆಯುತ್ತಾ ಹೋಗುತ್ತಿರುತ್ತದೆ. ಬೇಟೆಮೀನು ಅದನ್ನೇ ಗುರುತಿಸಿ ಹಿಡಿಯುತ್ತದೆ.

ಹೀಗೆ ಯಾಕೆ ಅನ್ನೋದಕ್ಕೆ ಪೈಕ್ ಮೀನಿನ ಮೈಕಟ್ಟು ನೋಡಿದರೆ ಸಾಕು. ಅದರ ಬೆನ್ನಿನ ರೆಕ್ಕೆ ಬಾಲದ ಹತ್ತಿರವೇ ಇದೆ, ಬಾಣದ ಹಿಂದಿನ ಗರಿಯ ಹಾಗೆ. ಆ ಇಡೀ ಹಿಂಭಾಗ ಒಟ್ಟಿಗೆ ನೀರನ್ನು ತಳ್ಳಿದಾಗ ಮೀನು ಒಂದೇ ಸಲಕ್ಕೆ ಮುಂದಕ್ಕೆ ಚಿಮ್ಮುತ್ತದೆ. ಆದರೆ ಈ ಚಿಮ್ಮು ಕೆಲವೇ ಅಡಿಗಳ ಮಟ್ಟಿಗೆ, ದೂರದವರೆಗೆ ಅಟ್ಟಿಸಿಕೊಂಡು ಹೋಗುವ ದೇಹ ಅದರದ್ದಲ್ಲ. ಹಾಗಾಗಿ ಪೈಕ್ ಜೊಂಡಿನ ಅಂಚಿನಲ್ಲಿ, ಮುಳುಗಿದ ಮರದ ಪಕ್ಕದಲ್ಲಿ ಅಲುಗಾಡದೆ ಕಾಯುತ್ತದೆ. ಗುರಿ ತಪ್ಪಿದರೆ ಖರ್ಚಾದ ಶಕ್ತಿ ವ್ಯರ್ಥ. ತಪ್ಪಿಸಿಕೊಳ್ಳಲಾರದ ಮೀನನ್ನು ಆರಿಸುವುದೇ ಅದಕ್ಕೆ ಲಾಭ. ಮೀನಿನ ಎರಡೂ ಪಕ್ಕೆಯಲ್ಲಿ ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುವ ಒಂದು ಗೆರೆ ಇರುತ್ತದೆ, ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರೆಶರ್ ಸೆನ್ಸರ್‌ಗಳ ಸಾಲು. ಸರಿಯಾಗಿ ಈಜುವ ಮೀನಿನ ಅಲುಗಾಟಕ್ಕೂ ಕುಂಟುವ ಮೀನಿನ ಅಲುಗಾಟಕ್ಕೂ ವ್ಯತ್ಯಾಸ ಇದೆ.

ಅಂದರೆ ಬೇಟೆಮೀನಿಗೆ ಬಣ್ಣ, ಹೊಳಪಿಗಿಂತ ಚಲನೆ ಮುಖ್ಯ. ಅದರಲ್ಲೂ ತಪ್ಪಾದ ಚಲನೆ. ಚಂದದ ಮೀನನ್ನು ಕೆತ್ತುವುದು ಕಷ್ಟವಲ್ಲ, ಹದವಾಗಿ ಎಡವುವ ಮೀನನ್ನು ಕೆತ್ತುವುದೇ ಕಷ್ಟ. ನಾವು ಡಿಸೈನ್‌ನಲ್ಲಿ ದೋಷ ತೆಗೆಯುವುದನ್ನು ಕಲಿಯುತ್ತೇವೆ. ಲೌರಿ ಒಂದು ದೋಷವನ್ನು ಬೇಕೆಂದೇ ಒಳಗೆ ಸೇರಿಸಬೇಕಿತ್ತು. ಅದು ಪ್ರತಿ ಸಲವೂ, ಪ್ರತಿ ಲ್ಯೂರ್‌ನಲ್ಲೂ ಒಂದೇ ಥರ ಕಾಣಿಸಬೇಕಿತ್ತು.

ಹಿಮ ಕರಗಿದ ಮೇಲೆ

ಈ ಲ್ಯೂರ್‌ಗೆ ನಿಜವಾದ ಪರೀಕ್ಷೆ ವಸಂತದಲ್ಲಿ. ಪೈಯಾನೆಯ ಮೇಲಿನ ಮಂಜುಗಡ್ಡೆ ಕರಗಿ ನೀರು ತೆರೆದುಕೊಳ್ಳುವುದು ಸಾಮಾನ್ಯವಾಗಿ ಮೇ ತಿಂಗಳ ಶುರುವಿಗೆ. ಅದೇ ಹೊತ್ತಿಗೆ ಪೈಕ್ ಮೊಟ್ಟೆ ಇಡಲು ದಡದ ಕಡೆ, ಹಳೆಯ ಜೊಂಡು ಮುಳುಗಿರುವ ಮೊಣಕಾಲುದ್ದದ ನೀರಿಗೆ ಬರುತ್ತದೆ. ಮೊಟ್ಟೆ ಇಟ್ಟ ಮೇಲೆ ಕೆಲವು ವಾರ ಅಲ್ಲೇ ಸುತ್ತಮುತ್ತ ಇರುತ್ತದೆ. ಹಸಿದಿರುತ್ತದೆ, ಆದರೆ ನೀರು ಇನ್ನೂ ತಣ್ಣಗಿರುವುದರಿಂದ ಮೈ ಚುರುಕಾಗಿರುವುದಿಲ್ಲ. ಬೇಸಿಗೆಯಲ್ಲಿ ಜೋರಾಗಿ ಎಳೆದ ಲ್ಯೂರ್ ಹಿಂದೆ ಬರುವ ಪೈಕ್, ವಸಂತದಲ್ಲಿ ನಿಧಾನವಾಗಿ ಮೂಗಿನ ಮುಂದೆ ಬಂದರಷ್ಟೇ ಬಾಯಿ ತೆರೆಯುತ್ತದೆ.

ಗೊತ್ತಿಲ್ಲದ ನದಿಗೆ ಸೀಸನ್ ಶುರುವಿನಲ್ಲಿ ಹೋದವರು ಇವತ್ತಿಗೂ ಇದೇ ಲೆಕ್ಕದಲ್ಲಿ ನೀರನ್ನು ಓದುತ್ತಾರೆ. ನದಿಯ ನಡುವಿನ ಸೆಳೆತ ಬಿಡಿ, ಅಲ್ಲಿ ನಿಲ್ಲಲು ಮೀನಿಗೆ ಶಕ್ತಿ ದಂಡ. ಬಂಡೆಯ ಹಿಂದಿನ ನಿಂತ ನೀರು, ತಿರುವಿನ ಒಳಬದಿ, ಹಳ್ಳ ಬಂದು ಸೇರುವ ಬಾಯಿ, ಜೊಂಡಿನ ಅಂಚು, ಇವುಗಳನ್ನು ಹುಡುಕಬೇಕು. ಉತ್ತರ ದಡದ ಆಳವಿಲ್ಲದ ಜಾಗಕ್ಕೆ ದಕ್ಷಿಣದ ಸೂರ್ಯ ನೇರವಾಗಿ ಬೀಳುವುದರಿಂದ ಅಲ್ಲಿ ನೀರು ಮೊದಲು ಬೆಚ್ಚಗಾಗುತ್ತದೆ. ತಳ ಕಪ್ಪಾಗಿದ್ದರೆ ಇನ್ನೂ ಬೇಗ. ಒಂದೆರಡು ಡಿಗ್ರಿ ಹೆಚ್ಚಾದರೂ ಸಾಕು, ಪುಟ್ಟ ಮೀನುಗಳು ಅಲ್ಲಿಗೆ ಬರುತ್ತವೆ, ಅವುಗಳ ಹಿಂದೆ ಪೈಕ್ ಬರುತ್ತದೆ. ನದಿ ಹೊಸದಾಗಿರಬಹುದು, ಆದರೆ ಬಿಸಿಲು, ಹರಿವು, ಹಸಿವು ಎಲ್ಲ ಕಡೆ ಒಂದೇ.

ಇಂಥ ಜಾಗಕ್ಕೆ ಬೇಕಾದ ಲ್ಯೂರ್ ಹಗುರವಾಗಿರಬೇಕು, ನಿಧಾನಕ್ಕೆ ಎಳೆದಾಗಲೂ ತೊನೆಯಬೇಕು, ಎಳೆಯುವುದನ್ನು ನಿಲ್ಲಿಸಿದರೆ ತಳಕ್ಕೆ ಹೋಗಿ ಜೊಂಡಿಗೆ ಸಿಕ್ಕಿಕೊಳ್ಳದೆ ಮೇಲಕ್ಕೆ ತೇಲಬೇಕು. ಲೋಹದ ಚಮಚ ಲ್ಯೂರ್ ನಿಲ್ಲಿಸಿದ ತಕ್ಷಣ ಮುಳುಗುತ್ತದೆ. ಲೌರಿಯ ಕೈಗೆ ಬಂದ ಪರಿಹಾರ ಕಾರ್ಕ್.

ಚಾಕೊಲೇಟ್ ಹಾಳೆ ಮತ್ತು ಫೋಟೊ ನೆಗೆಟಿವ್

1936ರಲ್ಲಿ ಲೌರಿ ತಮಗೆ ಒಪ್ಪಿಗೆಯಾದ ಮೊದಲ ಲ್ಯೂರ್ ಮಾಡಿದರು. ಅದರ ಬಿಲ್ ಆಫ್ ಮೆಟೀರಿಯಲ್ಸ್ ಓದಿದರೆ ನಮ್ಮ ಹಾಸ್ಟೆಲಿನ ಕಸದ ಬುಟ್ಟಿ ನೆನಪಾಗುತ್ತದೆ. ಮೈಗೆ ಕಾರ್ಕ್, ಅದನ್ನು ಕೆತ್ತಲು ಚಪ್ಪಲಿ ಹೊಲಿಯುವವರು ಚರ್ಮ ಕೊಯ್ಯುವ ಚಾಕು. ಮೀನಿನ ಹೊಳಪಿಗೆ ಚಾಕೊಲೇಟ್ ಸುತ್ತಿ ಬಂದ ತೆಳು ಹಾಳೆ. ಅದರ ಮೇಲೆ ನೀರು ಒಳಗೆ ಹೋಗದಂತೆ ಹಳೆಯ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಬಳಿದ ಲೇಪ. ಆ ಕಾಲದ ಫಿಲ್ಮ್ ಸೆಲ್ಯುಲೋಸ್‌ನಿಂದ ಮಾಡಿದ್ದು, ಕರಗಿಸಿ ಬಳಿದರೆ ಒಣಗಿ ಗಟ್ಟಿ ವಾರ್ನಿಷ್ ಆಗುತ್ತದೆ. ದುಡ್ಡಿಲ್ಲದವರು ಸಿಕ್ಕಿದ್ದರಲ್ಲೇ ಮಾಡಿದರು ಅಂತ ಇದನ್ನು ಹೇಳುವುದುಂಟು. ಆದರೆ ಪ್ರತಿಯೊಂದೂ ತನ್ನ ಕೆಲಸಕ್ಕೆ ಸರಿಯಾಗಿಯೇ ಒದಗಿತ್ತು ಅನ್ನೋದನ್ನು ಗಮನಿಸಬೇಕು.

ತೊನೆಯುವ ಗುಟ್ಟು ಇರುವುದು ಮೂತಿಯ ಕೆಳಗೆ ಓರೆಯಾಗಿ ಚಾಚಿರುವ ಪುಟ್ಟ ನಾಲಗೆಯಲ್ಲಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. ದಾರ ಎಳೆದಾಗ ನೀರು ಆ ನಾಲಗೆಗೆ ಬಡಿದು ಲ್ಯೂರನ್ನು ಕೆಳಕ್ಕೆ ಒತ್ತುತ್ತದೆ, ಹೀಗಾಗಿ ತೇಲುವ ವಸ್ತು ಕೂಡ ಮುಳುಗಿ ಓಡುತ್ತದೆ. ನಾಲಗೆಯ ಎರಡೂ ಅಂಚಿನಿಂದ ಸುಳಿಗಳು ಒಂದಾದ ಮೇಲೊಂದು ಕಳಚಿಕೊಳ್ಳುತ್ತವೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಒಂದು ಸುಳಿ ಲ್ಯೂರನ್ನು ಒಂದು ಬದಿಗೆ ವಾಲಿಸುತ್ತದೆ. ಕಾರ್ಕ್ ಮೇಲಿದೆ, ಕೊಕ್ಕೆಯ ಭಾರ ಹೊಟ್ಟೆಯ ಕೆಳಗೆ ನೇತಾಡುತ್ತಿದೆ, ಹಾಗಾಗಿ ಅದು ತಾನಾಗಿ ನೆಟ್ಟಗಾಗಲು ನೋಡುತ್ತದೆ. ಅಷ್ಟರಲ್ಲಿ ಇನ್ನೊಂದು ಬದಿಯ ಸುಳಿ ಬಂದು ತಳ್ಳುತ್ತದೆ. ಬೋರ್ಡ್ ಮೇಲೆ ಕಾರ್ಮನ್ ವೋರ್ಟೆಕ್ಸ್ ಸ್ಟ್ರೀಟ್ ಅಂತ ನಾವು ಬಿಡಿಸುವ ಚಿತ್ರವೇ ಇಲ್ಲಿ ನೀರಲ್ಲಿ ಕುಣಿಯುತ್ತಿರುತ್ತದೆ. ಲೌರಿಗೆ ಆ ಹೆಸರು ಬೇಕಾಗಿರಲಿಲ್ಲ. ಕೆತ್ತುವುದು, ನೀರಿಗೆ ಬಿಡುವುದು, ನೋಡುವುದು, ಇನ್ನೊಂದು ಎಳೆ ಕೆರೆಯುವುದು, ಮತ್ತೆ ಬಿಡುವುದು, ಇದೇ ಅವರ ಲ್ಯಾಬ್.

ಮೂತಿಯಲ್ಲಿ ದಾರ ಕಟ್ಟುವ ಸಣ್ಣ ತಂತಿಯ ಬಳೆ ಇದೆಯಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಲ್ಯೂರ್ ಒಂದು ಬದಿಗೆ ಎಳೆದುಕೊಂಡು ಹೋಗುತ್ತಿದ್ದರೆ ಆ ಬಳೆಯನ್ನು ಎದುರು ಬದಿಗೆ ಕೂದಲೆಳೆಯಷ್ಟು ಬಗ್ಗಿಸಬೇಕು. ಮತ್ತೆ ಎಳೆದು ನೋಡಬೇಕು. ಮರ ಅನ್ನೋದು ಒಂದು ತುಂಡಿನ ಹಾಗೆ ಇನ್ನೊಂದು ಇರುವುದಿಲ್ಲ, ಅದಕ್ಕೇ ಪ್ರತಿಯೊಂದು ಲ್ಯೂರನ್ನೂ ಹೀಗೆ ಬೇರೆ ಬೇರೆಯಾಗಿ ಸರಿಮಾಡಬೇಕು. ಸ್ಯಾಂಪಲ್ ತೆಗೆದು ನೂರಕ್ಕೆ ಐದನ್ನು ಪರೀಕ್ಷಿಸುವ ಮಾತೇ ಇಲ್ಲ. ಎಳೆದು ನೋಡದ ಲ್ಯೂರ್ ಹೊರಗೆ ಹೋಗಬಾರದು ಎನ್ನುವ ಈ ಪದ್ಧತಿ ಮುಂದೆ ಕಂಪನಿ ದೊಡ್ಡದಾದ ಮೇಲೂ ಉಳಿಯಿತು. ಫ್ಯಾಕ್ಟರಿಯಲ್ಲಿ ನೀರಿನ ತೊಟ್ಟಿ ಇಟ್ಟು ಒಂದೊಂದನ್ನೇ ಈಜಿಸಿ ನೋಡುತ್ತಿದ್ದರು.

ಯುದ್ಧ, ಅಡುಗೆಮನೆ, ಒಲಿಂಪಿಕ್ಸ್

ಹೊಸ ಲ್ಯೂರ್‌ನಿಂದ ಲೌರಿ ಒಂದೇ ದಿನ 270 ಕಿಲೋ ಮೀನು ಹಿಡಿದಿದ್ದರು ಎಂಬ ಕತೆ ಇದೆ. ಕತೆಗೆ ಸ್ವಲ್ಪ ಉಪ್ಪುಖಾರ ಬೆರೆತಿದ್ದರೂ ಇರಬಹುದು, ಮೀನಿನ ವಿಷಯದಲ್ಲಿ ಎಲ್ಲ ದೇಶದವರೂ ಅಷ್ಟೇ. ಆದರೆ ಅವರ ಬುಟ್ಟಿ ತುಂಬುತ್ತಿದ್ದದ್ದಂತೂ ನಿಜ, ಸುತ್ತಲಿನ ಮೀನುಗಾರರು ಆ ಲ್ಯೂರನ್ನು ಕೇಳತೊಡಗಿದರು. ಊರಿನ ಅಂಗಡಿಯಲ್ಲಿ ಮಾರಾಟಕ್ಕೂ ಬಂತು. ಮೀನು ಮಾರಿ ಬರುವ ಹಣದ ಜೊತೆ ಲ್ಯೂರ್ ಮಾರಿದ ಹಣವೂ ಮನೆಗೆ ಬರತೊಡಗಿತು.

ಅಷ್ಟರಲ್ಲಿ ಯುದ್ಧ ಬಂತು. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್‌ಲೆಂಡಿನ ಮೇಲೆ ನುಗ್ಗಿತು. 105 ದಿನಗಳ ಆ ಚಳಿಗಾಲದ ಯುದ್ಧ ಮುಗಿದು ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1941ರಲ್ಲಿ ಮತ್ತೊಂದು ಯುದ್ಧ ಶುರುವಾಗಿ 1944ರವರೆಗೆ ನಡೆಯಿತು. ಲೌರಿಯೂ ಸೈನಿಕರಾಗಿ ಹೋದರು. ಗಂಡ ಗಡಿಯಲ್ಲಿದ್ದಾಗ ಎಲ್ಮ ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಳ್ಳಬೇಕಾಯಿತು. ದೊಡ್ಡ ಬ್ರ್ಯಾಂಡುಗಳ ಕತೆ ಹೇಳುವಾಗ ಈ ಭಾಗ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆದರೆ ಯುದ್ಧದಿಂದ ಲೌರಿ ಜೀವಂತ ವಾಪಸ್ ಬರದೆ ಇದ್ದಿದ್ದರೆ, ಅಥವಾ ಎಲ್ಮ ಆ ವರ್ಷಗಳಲ್ಲಿ ಮನೆಯನ್ನು ನಿಲ್ಲಿಸಿಕೊಳ್ಳದೆ ಇದ್ದಿದ್ದರೆ, ಈ ಲ್ಯೂರ್ ಪೈಯಾನೆಯ ದಡದಲ್ಲೇ ಮುಗಿದುಹೋಗುತ್ತಿತ್ತು ಅನ್ಸುತ್ತೆ.

ಯುದ್ಧದ ನಂತರ ಲ್ಯೂರ್ ಮಾಡುವುದು ಮನೆಮಂದಿಯ ಕೆಲಸವಾಯಿತು. ಮಕ್ಕಳು ಕೆತ್ತಿದರು, ಉಜ್ಜಿದರು, ಬಣ್ಣ ಹಚ್ಚಿದರು. ಕಾರ್ಕ್ ಸಿಗದಾಗ ಪೈನ್ ಮರದ ತೊಗಟೆ ಬಳಸಿದರು. ಮುಂದೆ ಇನ್ನೂ ಹಗುರವಾದ ಬಾಲ್ಸಾ ಮರಕ್ಕೆ ಬಂದರು. ನಮ್ಮಲ್ಲಿ ಏರೋಮಾಡೆಲಿಂಗ್ ಮಾಡುವವರಿಗೆ ಬಾಲ್ಸಾ ಗೊತ್ತೇ ಇದೆ. ಕೈಯಲ್ಲಿ ಕೆತ್ತಿ ಮುಗಿಸಲಾಗದಷ್ಟು ಬೇಡಿಕೆ ಬಂದಾಗ ಮಕ್ಕಳೇ ಯಂತ್ರಗಳನ್ನು ಮಾಡಿಕೊಂಡರು.

1952ರಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ನಮ್ಮ ಹಾಕಿ ತಂಡ ಚಿನ್ನ ಗೆದ್ದ, ಕುಸ್ತಿಯಲ್ಲಿ ಖಾಶಾಬಾ ಜಾಧವ್ ಕಂಚು ಗೆದ್ದ ಅದೇ ಒಲಿಂಪಿಕ್ಸ್. ಹೊರದೇಶಗಳಿಂದ ಬಂದವರ ಪೈಕಿ ಕೆಲವರು ವಾಪಸ್ ಹೋಗುವಾಗ ಈ ಮರದ ಮೀನನ್ನೂ ಜೇಬಿನಲ್ಲಿ ಹಾಕಿಕೊಂಡು ಹೋದರು.

ಗೊತ್ತಿಲ್ಲದ ನೀರಿನಲ್ಲಿ

ಅಮೆರಿಕದ ಮಿನ್ನೆಸೋಟ ರಾಜ್ಯದ ತುಂಬ ಸರೋವರಗಳು, ಚಳಿಗಾಲದಲ್ಲಿ ಮಂಜುಗಡ್ಡೆ, ಫಿನ್‌ಲೆಂಡಿನಿಂದ ವಲಸೆ ಹೋದ ಸಾವಿರಾರು ಕುಟುಂಬಗಳು. ಮೀನಿನ ಸಾಮಾನು ಮಾರುತ್ತಿದ್ದ ರಾನ್ ವೆಬರ್ ಅವರ ಕಣ್ಣಿಗೆ 1959ರಲ್ಲಿ ಈ ಲ್ಯೂರ್ ಬಿತ್ತು. ತಮ್ಮ ಬಳಿ ಇದ್ದ ಯಾವುದೂ ಹೀಗೆ ಈಜುವುದಿಲ್ಲ ಅನ್ನೋದು ಅವರಿಗೆ ಅರ್ಥವಾಯಿತು. ಮಿನ್ನಿಯಾಪೊಲಿಸ್‌ನಲ್ಲಿ ಅಂಗಡಿ ಇಟ್ಟಿದ್ದ ರೇ ಆಸ್ಟ್ರಮ್ ಜೊತೆ ಸೇರಿ ಫಿನ್‌ಲೆಂಡಿಗೆ ಪತ್ರ ಬರೆದರು, ಲ್ಯೂರ್ ತರಿಸಿ ಮಾರತೊಡಗಿದರು.

ಪೈಯಾನೆಯ ನೀರು ನೋಡಿ ಕೆತ್ತಿದ ವಸ್ತು ಸಾವಿರಾರು ಕಿಲೋಮೀಟರ್ ಆಚೆಯ ನದಿಯಲ್ಲಿ ಯಾಕೆ ಕೆಲಸ ಮಾಡಬೇಕು? ಇದಕ್ಕೆ ಒಂದು ಉತ್ತರ ಜೀವಶಾಸ್ತ್ರದಲ್ಲಿದೆ. ಫಿನ್‌ಲೆಂಡಿನ ಪೈಕ್ ಮತ್ತು ಉತ್ತರ ಅಮೆರಿಕದ ನಾರ್ದರ್ನ್ ಪೈಕ್ ಒಂದೇ ಪ್ರಭೇದ, ಇಸಾಕ್ಸ್ ಲೂಸಿಯಸ್. ಭೂಮಿಯ ಉತ್ತರ ಭಾಗವನ್ನು ಸುತ್ತಿಕೊಂಡು ಎರಡೂ ಖಂಡಗಳಲ್ಲಿ ಇರುವ ಮೀನು ಅದು. ಆದರೆ ಅಮೆರಿಕದ ಬಾಸ್, ವಾಲ್‌ಐ ಮುಂತಾದ ಲೌರಿ ಕಂಡೇ ಇರದ ಮೀನುಗಳೂ ಈ ಲ್ಯೂರ್‌ಗೆ ಬಾಯಿ ಹಾಕಿದವು. ಅವರು ನಕಲು ಮಾಡಿದ್ದು ಒಂದು ಊರಿನ ಮೀನನ್ನಾಗಿದ್ದರೆ ಹೀಗಾಗುತ್ತಿರಲಿಲ್ಲ. ಅವರು ನಕಲು ಮಾಡಿದ್ದು ದುರ್ಬಲನ ನಡಿಗೆಯನ್ನು. ಅದನ್ನು ಗುರುತಿಸಲು ಯಾವ ದೇಶದ ಬೇಟೆಗಾರನಿಗೂ ಹೇಳಿಕೊಡಬೇಕಿಲ್ಲ.

1962ರ ಆಗಸ್ಟ್‌ನಲ್ಲಿ ನಟಿ ಮರ್ಲಿನ್ ಮನ್ರೋ ತೀರಿಕೊಂಡರು. ಲೈಫ್ ಎಂಬ ವಾರಪತ್ರಿಕೆ ಮುಖಪುಟದಲ್ಲಿ ಅವರ ಚಿತ್ರ ಹಾಕಿತು, ಆ ಸಂಚಿಕೆಯನ್ನು ಜನ ಮುಗಿಬಿದ್ದು ಕೊಂಡರು. ಅದೇ ಸಂಚಿಕೆಯ ಒಳಗೆ ಈ ಲ್ಯೂರ್ ಬಗ್ಗೆ ಒಂದು ಲೇಖನ ಇತ್ತು. ನಟಿಯ ಸುದ್ದಿ ಓದಲು ಪುಟ ತಿರುಗಿಸಿದವರೆಲ್ಲ ಮರದ ಮೀನನ್ನೂ ನೋಡಿದರು. ಕೆಲವೇ ದಿನಗಳಲ್ಲಿ ಮೂವತ್ತು ಲಕ್ಷ ಲ್ಯೂರ್‌ಗೆ ಬೇಡಿಕೆ ಬಂತೆಂದು ಹೇಳುತ್ತಾರೆ. ಫಿನ್‌ಲೆಂಡಿನ ಆ ಕುಟುಂಬ ಅಷ್ಟನ್ನು ಮಾಡಿ ಕೊಡುವುದು ಸಾಧ್ಯವೇ ಇರಲಿಲ್ಲ. ಅಮೆರಿಕದ ಕೆಲವು ಅಂಗಡಿಯವರು ಡಿಪಾಸಿಟ್ ಇಟ್ಟುಕೊಂಡು ಲ್ಯೂರನ್ನು ಬಾಡಿಗೆಗೆ ಕೊಟ್ಟರು. ಡಿಪಾಸಿಟ್ ಇಟ್ಟು ತಂದ ಲ್ಯೂರನ್ನು ಪೈಕ್ ಕಿತ್ತುಕೊಂಡು ಹೋದರೆ ಆ ಮನುಷ್ಯನ ಮುಖ ಹೇಗಿರಬೇಡ, ಊಹಿಸಿಕೊಳ್ಳಿ.

ನಕಲಿಯ ನಕಲಿಗಳೂ ಮಾರುಕಟ್ಟೆಗೆ ಬಂದವು. ಆಕಾರ, ಬಣ್ಣ ಎಲ್ಲ ಅದೇ. ಆದರೆ ಆಕಾರವನ್ನು ನೋಡಿಕೊಂಡು ಕೆತ್ತಬಹುದು, ನಡಿಗೆಯನ್ನು ಒಂದೊಂದಾಗಿ ನೀರಿನಲ್ಲಿ ಎಳೆದೇ ಸರಿಮಾಡಬೇಕು. ಇಷ್ಟು ಆರ್ಡರ್ ಬಾಕಿ ಇದ್ದಾಗ ಪರೀಕ್ಷೆಯನ್ನು ಕೈಬಿಟ್ಟರೆ ಉತ್ಪಾದನೆ ಎಷ್ಟೋ ಹೆಚ್ಚುತ್ತಿತ್ತು. ರಪಲ ಕುಟುಂಬ ಅದನ್ನು ಕೈಬಿಡಲಿಲ್ಲ. ಡೆಡ್‌ಲೈನ್ ಹಿಂದಿನ ರಾತ್ರಿ ಟೆಸ್ಟಿಂಗ್ ಚಾಪ್ಟರನ್ನು ರಿಪೋರ್ಟ್‌ನಲ್ಲಿ ಮಾತ್ರ ಬರೆದು ಮುಗಿಸುವ ನಮ್ಮಂಥವರು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ.

ಕೊನೆಯ ವರ್ಷಗಳು

ಬೇಡಿಕೆ ಹೆಚ್ಚಿದಂತೆ ಮನೆಯ ಕೆಲಸ ಫ್ಯಾಕ್ಟರಿಯಾಯಿತು, ಊರಿನ ಜನರಿಗೆ ಉದ್ಯೋಗ ಸಿಕ್ಕಿತು. ಚರ್ಚಿನ ಪುಸ್ತಕದಲ್ಲಿ ಸರಿಯಾದ ಹೆಸರೂ ಬರೆಸಿಕೊಳ್ಳದ ಹುಡುಗ ಒಂದು ಉದ್ಯಮದ ಯಜಮಾನರಾದರು. 1974ರ ಅಕ್ಟೋಬರ್ 20ರಂದು ಲೌರಿ ತೀರಿಕೊಂಡರು. ಕಂಪನಿ ಮುಂದೆ ಬೆಳೆಯಿತು, ಕೈ ಬದಲಾಯಿತು, ಪ್ಲಾಸ್ಟಿಕ್ ಲ್ಯೂರ್‌ಗಳೂ ಬಂದವು. ಆದರೆ 1936ರ ವಿನ್ಯಾಸದಿಂದ ಬೆಳೆದ ತೇಲುವ ಬಾಲ್ಸಾ ಲ್ಯೂರ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ನಾವು ಕೊಳ್ಳುವ ಫೋನ್ ಎರಡು ವರ್ಷಕ್ಕೆ ಹಳೆಯದಾಗುವಾಗ ಒಂದು ಡಿಸೈನ್ ಸುಮಾರು ತೊಂಬತ್ತು ವರ್ಷ ಬಾಳುವುದು ಸಣ್ಣ ಮಾತಲ್ಲ.

ಈ ಕತೆಯಲ್ಲಿ ನಮ್ಮನ್ನು ಚುಚ್ಚುವ ಒಂದು ಅಂಶವೂ ಇದೆ. ಲೌರಿ ಮೀನು ಹಿಡಿದದ್ದು ಮಕ್ಕಳಿಗೆ ಊಟ ಹಾಕಲು. ಅವರ ಲ್ಯೂರನ್ನು ಆಮೇಲೆ ಲಕ್ಷಾಂತರ ಜನ ಕೊಂಡದ್ದು ವಾರಾಂತ್ಯದ ಆಟಕ್ಕೆ. ಹಸಿವಿಗಾಗಿ ಹುಟ್ಟಿದ ಉಪಕರಣ ಮೋಜಿಗಾಗಿ ಬಳಕೆಯಾದಾಗ ಮೀನಿನ ನೋವಿಗೆ ಲೆಕ್ಕ ಯಾರು ಕೊಡಬೇಕು? ಇವತ್ತು ಎಷ್ಟೋ ಜನ ಹಿಡಿದ ಪೈಕ್ ಅನ್ನು ಮತ್ತೆ ನೀರಿಗೆ ಬಿಡುತ್ತಾರೆ, ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಳ್ಳುತ್ತಾರೆ, ಮೊಟ್ಟೆ ಇಡುವ ಕಾಲದಲ್ಲಿ ಗಾಳ ಹಾಕಬಾರದೆಂಬ ನಿಯಮ ಹಲವು ಕಡೆ ಇದೆ. ಇದರಿಂದ ಪ್ರಶ್ನೆ ಪೂರ್ತಿ ಮುಗಿಯುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಯಾವ ಉಪಕರಣಕ್ಕೂ ಈ ಪ್ರಶ್ನೆ ಅಂಟಿಕೊಂಡೇ ಇರುತ್ತದೆ, ನಾಳೆ ನಾವು ಮಾಡುವ ಉಪಕರಣಗಳಿಗೂ.

ಲೌರಿ ರಪಲ ಅವರಿಂದ ನಾವು ತೆಗೆದುಕೊಳ್ಳುವುದು ಇಷ್ಟು. ಅವರು ಮೊದಲು ಚಾಕು ಹಿಡಿಯಲಿಲ್ಲ. ಮೊದಲು ವರ್ಷಗಟ್ಟಲೆ ನೀರನ್ನು ನೋಡಿದರು. ಬಳಸುವವನು ಯಾರು ಅನ್ನೋದನ್ನೂ ಸರಿಯಾಗಿ ಹಿಡಿದರು, ಲ್ಯೂರನ್ನು ಒಪ್ಪಬೇಕಾದದ್ದು ದುಡ್ಡು ಕೊಡುವ ಮನುಷ್ಯ ಆಮೇಲೆ, ಮೊದಲು ಜೊಂಡಿನ ಮರೆಯಲ್ಲಿ ಕಾಯುತ್ತಿರುವ ಮೀನು. ಆ ಮೀನಿಗೆ ಪಿಪಿಟಿ ತೋರಿಸಲಾಗುವುದಿಲ್ಲ, ವೈವಾದಲ್ಲಿ ಮಾತಿನಿಂದ ಒಪ್ಪಿಸಲಾಗುವುದಿಲ್ಲ. ಲ್ಯೂರ್ ಸರಿಯಾಗಿ ತೊನೆದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.